ಏಳನೇ ಖಾನೆ

ಫಾರ್ಮಿನ ಏಳನೇ ಖಾನೆ
ಎಲ್ಲಾದಕ್ಕಿಂತ ಸಣ್ಣದು, ಬೆರಳಷ್ಟ ಜಾಗ.
ವಕೀಲಬಾಯಿ ಪೆನ್ನು ಅದರ ಮ್ಯಾಲ ಊರಿ ಕೇಳತಾಳ:
ಮಹಾನಂದಾ, ನೀವಿಬ್ಬರೂ ಬ್ಯಾರೆಯಾದ ತಾರೀಖು?

ಸೋಲಾಪುರದ ಕೋರ್ಟು, ಕೆಳಗಿನ ಮಜಲಿ,
ಫುಕಟ್ ವಕೀಲರ ಖೋಲಿ.
ಫುಕಟ್ ಅಂದ್ರ ಹೆಂಗಿರತದೋ ಅಂತ ಅಂಜಿ ಬಂದಾಕಿ,
ಬಾಗಲದಾಗ ಚಪ್ಪಲಿ ಬಿಟ್ಟೆ.
ಹಾಕ್ಕೊಂಡೇ ಬರ್ರಿ, ಅಂದಳು.
ಅಷ್ಟಕ್ಕ ಅಳು ಬಂತು.

ಆಕಿದು ಮರಾಠಿ. ಅಜ್ಜಿ ತವರು ಮೈಂದರ್ಗಿ ಅಂತ,
ಅಜ್ಜಿ ಬೈದಷ್ಟು ಕನ್ನಡ ಬರತದ.
ಬೈಗಳು ಎಲ್ಲಾ ಗೊತ್ತು, ಜೀವನಾಂಶ ಗೊತ್ತಿಲ್ಲ.
ನನಗೂ ಎಲ್ಲಿ ಗೊತ್ತಿತ್ತು ಆ ಶಬ್ದ.
ಪೋಟಗಿ, ಅಂದಳು, ತನ್ನ ಹೊಟ್ಟಿ ಮುಟ್ಟಿ.
ಅದು ಲಗೂ ತಿಳೀತು.

ತಾರೀಖು.
ಯಾವುದು ಹೇಳಲಿ?
ಅವ ಭಿವಂಡಿಗೆ ಹೋಗಿ ಆರು ತಿಂಗಳಿಗೆ
ಫೋನಿನಾಗ ಕೂಸು ಅತ್ತದ್ದು ಕೇಳಿಸ್ತಲ್ಲ, ಅಂದೇನು?
ನಮ್ಮ ಕೂಸು ನನ್ನ ತೊಡಿ ಮ್ಯಾಲ ನಿದ್ದಿ ಮಾಡಿತ್ತು.

ಇಲ್ಲ, ಅದಕ್ಕೂ ಮೊದಲ, ಭಾಳ ಮೊದಲ,
ಬಿಸಿ ರೊಟ್ಟಿ ಮುರಕೋತ
"ನೀ ಉಂಡೇನು" ಅನ್ನೋದು ಬಿಟ್ಟನಲ್ಲ, ಆ ಸಂಜಿ?
ಅದಕ್ಕ ಸಾಕ್ಷಿ ಯಾರು. ಹಂಚು ಒಂದ.

ಮಾವ ಕೀಲಿ ಬದಲಿ ಮಾಡಿದ್ದು ಪಂಚಮಿಗೆ.
ಅತ್ತಿ ರೇಶನ್ ಕಾರ್ಡಿನಾಗ ನನ್ನ ಹೆಸರು ತಗಿಸಿದ್ದು
ದೀಪಾವಳಿ ಮುಂದ.
ಹಬ್ಬ ಗೊತ್ತವ ನನಗ, ತಾರೀಖು ಗೊತ್ತಿಲ್ಲ.

ಕೋರ್ಟಿನಾಗ ಹಬ್ಬ ನಡಿಯಂಗಿಲ್ಲ, ಅಂದಳು,
ನಗಲಿಲ್ಲ. ಚಹಾ ತರಿಸಿದಳು.
ಚೀಲದಾಗ ಏನೇನದ ತಗೀರಿ.

ಆಧಾರ ಕಾರ್ಡು. ಇರಿವಿ ಮೂಲಿ ತಿಂದ ಲಗ್ನದ ಫೋಟೋ.
ಮಗಳ ಸಾಲಿ ದಾಖಲೆ, ಔಷಧದ ಚೀಟಿ,
ಬೀಡಿ ಕಾರಖಾನಿ ಪಾಸ್‌ಬುಕ್ಕ.

ಆಕಿ ಪಾಸ್‌ಬುಕ್ಕ ಹಿಡದಳು.
ಹಾಳಿಗಟ್ಟಲೆ ಮುನೀಮನ ಅಕ್ಷರ:
ಸಾವಿರ. ಸಾವಿರ. ಒಂಬೈನೂರು. ಸಾವಿರ.
ಎಲಿ ಕತ್ತರಿಸಿದ್ದು, ದಾರ ಸುತ್ತಿದ್ದು,
ಬಸುರಿದ್ದಾಗ ಆರನೂರು, ಬಾಣಂತನಕ್ಕ ಖಾಲಿ.
ಮುನೀಮ ಸೈತ ತಿರುಗಿ ನೋಡದ ಪುಸ್ತಕ,
ಆಕಿ ಸಾವಕಾಶ ಓದಿದಳು, ಪತ್ರ ಓದಿದಂಗ.

ಒಂದು ಕಡೆ ಬೆರಳು ನಿಂತಿತು.
ಇಲ್ಲಿ ಒಂಬತ್ತು ದಿನಾ ಸೊನ್ನಿ. ಏನಾಗಿತ್ತು?

ಹೆಬ್ಬೆರಳು. ಊರಿಗೆ ಬಂದಿದ್ದ ಅವ,
ಬಾಗಲಾ ಬಡದು ಹಾಕಿದ.
ನನ್ನ ಕೈ ಸಂದಿನಾಗ ಇತ್ತು.
ಬೇಕಂತ ಅಲ್ಲ ಅಂತ ನಾನ ಎಲ್ಲಾರಿಗೂ ಹೇಳಿದ್ದೆ.
ಅವತ್ತು ರಾತ್ರಿ ಮಗಳನ್ನ ಬಗಲಾಗ ಎತಗೊಂಡು
ನಡಕೋತ ವಾಗದರಿಗೆ ಬಂದೆ, ಅವ್ವನ ಮನಿಗೆ.

ಆಕಿ ಬರದಳು.
ಎಂಟು ಅಂಕಿ, ನಡುವ ಎರಡು ಗೀಟು.
ಖಾನೆಯಾಗ ಇನ್ನೂ ಚೂರು ಜಾಗ ಉಳೀತು.

ಆಮ್ಯಾಲ ಅಂದಳು: ಈ ಬುಕ್ಕ ಅವರ ವಕೀಲನೂ ನೋಡತಾನ.
ಗಳಿಸತಾಳಲ್ಲ, ಪೋಟಗಿ ಯಾಕ ಅಂತಾನ.
ಸಾವಿರ ಬೀಡಿಗೆ ಕೈಗೆಷ್ಟು ಬರತದ?
ಹೇಳಿದೆ.
ಪೆನ್ನು ಕೆಳಗಿಟ್ಟಳು,
ಸ್ವಲ್ಪ ಹೊತ್ತು ಕಿಡಕಿ ಕಡೆ ನೋಡಿದಳು.

ಸಹಿ ಮಾಡರಿ, ಪೂರ್ಣ ನಾಂವ.
ಮಹಾನಂದಾ, ನಡುವ ಅವನ ಹೆಸರು,
ಕಡೀಗೆ ಅವರ ಮನಿತನ.
ಬಿಡಿಸರಿ ಅಂತ ಬೇಡೋ ಕಾಗದದ ಮ್ಯಾಲೂ
ಅವನ್ನ ದಾಟೇ ಹೋಗಬೇಕು ನನ್ನ ಕೈ.
ಸೊಟ್ಟ ಬೆರಳಿಲೆ ಬರದೆ. ಅಕ್ಷರ ನೆಟ್ಟಗ ಬಂತು.

ಅಕ್ಕಲಕೋಟ ಬಸ್ಸಿನಾಗ ಮಗ್ಗಲ ಮುದುಕಿ ಕೇಳಿದಳು
ಯಾಕ ಬಂದಿದ್ದ್ಯವಾ ಸೋಲಾಪುರಕ್ಕ?
ದವಾಖಾನಿಗೆ, ಅನ್ನಬೇಕಂತಿದ್ದೆ.
ಕೋರ್ಟಿಗೆ, ಅಂತು ಬಾಯಿ.
ಆಕಿ ಸೆರಗಿನಾಗಿನ ಶೇಂಗಾ
ಅರ್ಧ ನನ್ನ ಉಡಿಯಾಗ ಸುರವಿದಳು, ಮತ್ತೇನೂ ಕೇಳಲಿಲ್ಲ.

ಇವತ್ತೂ ಸೊನ್ನಿ ಬೀಳತದ ಪಾಸ್‌ಬುಕ್ಕದಾಗ.
ಮುನೀಮಗ ಕಾರಣ ಬೇಕಾಗಂಗಿಲ್ಲ.