ಬಾಕಿ

ತಳಂಗರೆಯ ದಡದಲ್ಲಿ ಪಾಯಿಮರ ಮಲಗಿತ್ತು,
ಎರಡು ಖಾಲಿ ಎಣ್ಣೆ ಡ್ರಮ್ಮುಗಳ ಮೇಲೆ ತಲೆ, ಕಾಲು.
ಎಬ್ಬಿಸುವ ಮೊದಲೇ ಎಲ್ಲ ಮುಗಿಸಬೇಕು, ಆಮೇಲೆ
ಮೂವತ್ತೇಳಡಿ ಹತ್ತಲು ನನಗೆ ಮನಸ್ಸಿಲ್ಲ.

ಅಂಗಡಿಯಲ್ಲಿ ನನ್ನ ಕೆಲಸ ಮಿಕ್ಸಿ, ಇಸ್ತ್ರಿಪೆಟ್ಟಿಗೆ,
ಮಸೀದಿಯ ಆಂಪ್ಲಿಫೈಯರು,
ಭಜನಾಮಂದಿರದ್ದೂ ಅದೇ ಕಂಪನಿಯದು.
ಕಸಬಾದ ಮೀನುದೋಣಿಗಳಿಗೆ ವಯರ್‌ಲೆಸ್ ಕೂರಿಸಿದ್ದುಂಟು.
ಹಾಯಿದೋಣಿಗೆ ಇದೇ ಮೊದಲು.

ಅಂದುಂಞಿಚ್ಚ ಮೂವತ್ತು ವರ್ಷ ಸರಕು ಹಡಗುಗಳ
ರೇಡಿಯೋ ಕೋಣೆಯಲ್ಲಿ ಕೂತು ಕುಟ್ಟಿದವರು.
ಈಗಲೂ ಚಾ ಗ್ಲಾಸಿನ ಮೇಲೆ ಅವರ ಬೆರಳು
ಯಾರಿಗೋ ಏನೋ ಹೇಳುತ್ತಿರುತ್ತದೆ.
ಎಡಗಿವಿ ಹೋಗಿದೆ. ಬಲಗಿವಿ ಹಠಮಾರಿ.
ಗೋವೆಯಲ್ಲಿ ಯಾರೋ ಬಿಟ್ಟುಹೋದ ದೋಣಿಯಿದು,
ಹಳೆಯ ಹೆಸರು ಕೆರೆದು ತೆಗೆದು ತಂದಿದ್ದಾರೆ,
ಹೊಸದು ತೋಚಿಲ್ಲ.

"ಮೋಳೆ, ಮನೆಗೆ ಹಾಕುವ ವಯರು ಬೇಡ" ಎಂದರು.
ಗೊತ್ತು. ಬರೀ ತಾಮ್ರಕ್ಕೆ ಉಪ್ಪುಗಾಳಿ ಸೋಕಿದರೆ
ಒಂದೇ ಮಳೆಗಾಲ, ಒಳಗೊಳಗೇ ಹಸಿರು,
ಸಿಪ್ಪೆ ಮಾತ್ರ ನೆಟ್ಟಗೆ.
ತವರ ಬಳಿದ ತಂತಿಯನ್ನೇ ತರಿಸಿದ್ದೆ,
ಕೊಚ್ಚಿಯಿಂದ, ಸಾಲದಲ್ಲಿ.

ಹೆಸರಿಗೆ ಮರ, ಒಳಗೆ ಪೊಳ್ಳು ಅಲ್ಯೂಮಿನಿಯಂ.
ಕೇಬಲ್ಲಿಗೆ ಮೊಳಕ್ಕೆ ಮೂರು ಪ್ಲಾಸ್ಟಿಕ್ ಕಟ್ಟು,
ಬಾಲ ಕತ್ತರಿಸದೆ, ಮುಳ್ಳುಹಂದಿಯ ಹಾಗೆ.
ಇಲ್ಲದಿದ್ದರೆ ಅಲೆಗೊಮ್ಮೆ ಗೋಡೆಗೆ ಬಡಿದು
ಮಲಗಿದವನ ತಲೆಯಲ್ಲಿ ರಾತ್ರಿಯಿಡೀ ಟಕ್ ಟಕ್.
"ಅದು ನನಗೆ ಜೋಗುಳ" ಎಂದರು. ಆದರೂ ಕಟ್ಟಿದೆ.

ಒಳಗೆ ಬರುವಲ್ಲಿ ತಂತಿಗೊಂದು ಜೋಲು ಬಿಟ್ಟೆ,
ನೀರು ಹಿಂಬಾಲಿಸಿ ಬಂದರೆ
ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ.
ಸ್ಪೀಕರು ಹಿಡಿದು ದಿಕ್ಸೂಚಿಯ ಪಕ್ಕ ಹೋದರೆ
ಮುಳ್ಳು ಬೇಕಲದ ಕಡೆ ಹೊರಳಿತು.
ಒಂದು ಗಜ ಹಿಂದೆ ಸರಿದೆ. ಮತ್ತೆ ಉತ್ತರ.

ಕಷ್ಟ ಕೊಟ್ಟದ್ದು ಜಿಪಿಎಸ್ಸು.
ಅದರಿಂದ ರೇಡಿಯೋಗೆ ಎಳೆಗಳು ಬರುತ್ತವೆ,
ಕೆಲವು ಹೇಳುವವು, ಕೆಲವು ಕೇಳುವವು.
ಬಾಯಿಗೆ ಬಾಯಿ ಬೆಸೆದರೆ ಪರದೆಯಲ್ಲಿ ಬರೀ ಅಡ್ಡಗೆರೆ.
ನಾನು ಬೆಸೆದದ್ದು ಹಾಗೇ, ಎರಡು ಗಂಟೆ,
ಕಂಪನಿಯವರನ್ನು ಬೈಯುತ್ತ.
ಬಿಚ್ಚಿ ಬಾಯಿಗೆ ಕಿವಿ ಕೊಟ್ಟೆ:
ಹನ್ನೆರಡೂವರೆ ಉತ್ತರ,
ಎಪ್ಪತ್ತೈದಕ್ಕೆ ಕೂದಲೆಳೆ ಕಮ್ಮಿ ಪೂರ್ವ.
ಹುಟ್ಟಿದ ಊರನ್ನು ಅಷ್ಟು ಚಿಕ್ಕದಾಗಿ ನೋಡಿರಲಿಲ್ಲ.

ಎಂಟು ಜನ ಹಿಡಿದು ಮರ ನಿಲ್ಲಿಸಿದರು.
ಚಂದ್ರಗಿರಿಯ ಸೇತುವೆ ಮೇಲೆ ರೈಲು ಹೋಗುವವರೆಗೆ ಕಾದು
ಹದಿನಾರಕ್ಕೆ ತಿರುಗಿಸಿ ಮೈಕು ಅವರ ಕೈಗಿತ್ತೆ.
ಕರೆಯುವವರು ದೋಣಿಯ ಹೆಸರು ಮೂರು ಸಲ ಹೇಳಬೇಕು,
ಅದು ಕಡಲ ಕಟ್ಟಳೆ.
ಗುಂಡಿ ಒತ್ತಿಯಾಗಿತ್ತು. ಹೆಸರಿಲ್ಲ.
ಅವರ ಕಣ್ಣು ಅತ್ತ ಇತ್ತ ಅಲೆದು
ಮಡಿಲಲ್ಲಿ ತೆರೆದಿದ್ದ ನನ್ನ ಲೆಕ್ಕದ ಪುಸ್ತಕಕ್ಕೆ ಬಿತ್ತು,
ಕೊನೆಯ ಸಾಲಿಗೆ.

"ಬಾಕಿ, ಬಾಕಿ, ಬಾಕಿ. ರೇಡಿಯೋ ಚೆಕ್. ಓವರ್."

ಅವರ ಮನೆಮಾತಿಗೂ ನನ್ನ ತುಳುವಿಗೂ
ಪುಸ್ತಕದ ಕನ್ನಡಕ್ಕೂ ಅದೊಂದೇ ಪದ.

ಮರಳು ಹುರಿದಂಥ ಸದ್ದು.
ಆಮೇಲೆ ಎಲ್ಲೋ ಬಲೆ ಎಳೆಯುತ್ತಿದ್ದವನೊಬ್ಬ,
ಏದುಸಿರಿನಲ್ಲಿ, ತುಳುವಿನಲ್ಲಿ:
"ಬಾಕಿ, ಕೇಣುಂಡು. ಏತ್ ಬಾಕಿ?"
ಎಷ್ಟು ಅಂತ ಕೇಳುತ್ತಿದ್ದಾನೆ ಎಂದೆ.
ಹನ್ನೊಂದು ಸಾವಿರದ ಆರುನೂರು ಎಂದು
ಅವರು ಇಡೀ ಕಡಲಿಗೆ ಓದಿ ಹೇಳಿದರು.

ಅರ್ಧ ದುಡ್ಡು ಮರುದಿನ ಬಂತು.
ಇನ್ನರ್ಧ ಕೇಳಬಾರದಂತೆ, ಕೊಟ್ಟುಬಿಟ್ಟರೆ
ದೋಣಿಯ ಹೆಸರು ಸುಳ್ಳಾಗುತ್ತದಂತೆ.

ಸಂಜೆ ಅಂಗಡಿಯ ಸೆಟ್ಟನ್ನು ಹದಿನಾರಕ್ಕಿಟ್ಟು
ಮಿಕ್ಸಿ ಬಿಚ್ಚುತ್ತಿರುತ್ತೇನೆ.
ಅಳಿವೆ ದಾಟಿದ ಕೂಡಲೇ ಅವರು
ನನಗೆ ಕೊಡಬೇಕಾದ್ದನ್ನು ಮೂರು ಸಲ ಕೂಗುತ್ತಾರೆ,
ಸ್ಪಷ್ಟವಾಗಿ, ಒಂದಿಷ್ಟೂ ಕರಕರ ಇಲ್ಲದೆ.