ಗಾಳಿ ಸೋಕಿದ ಓಮ್ನಿ

ರೆಬೆಲ್ಲೊ ಬಂದಾಗ ಆಟೊ ಕಾಂಪ್ಲೆಕ್ಸಿನಲ್ಲಿ
ಇನ್ನೂ ಅರ್ಧ ಶಟರು ತೆರೆದಿರಲಿಲ್ಲ.
ಓಮ್ನಿಯ ಹೊಟ್ಟೆಯಲ್ಲಿ ಮಾರಾಟವಾಗದ ಎರಡು ಕಟ್ಟು ಪೇಪರು,
ಸುತಳಿ ಉಂಡೆ, ಒಂದು ಟಾರ್ಚು.
"ಇದಕ್ಕೆ ಗಾಳಿ ಸೋಕಿದೆ ಮಾರಾಯ," ಅಂದ,
"ರಾತ್ರಿ ಮಾತ್ರ."

ಡ್ಯಾಶಿನ ಮೇಲೆ ಗುಂಡಗೆ, ಹಪ್ಪಳದಷ್ಟಗಲ ಮೀಟರು.
ಯಾವುದೋ ರ‍್ಯಾಲಿ ಜಿಪ್ಸಿ ಗುಜರಿಗೆ ಬಿದ್ದಾಗ
ಪೆಟ್ರೋಲು ಉಳಿಸುತ್ತದೆ ಅಂತ
ಸಾವಿರದ ಇನ್ನೂರಕ್ಕೆ ಕಿತ್ತು ತಂದದ್ದು.
ಸೈಲೆನ್ಸರ್ ಪೈಪಿಗೆ ತೂತು ಕೊರೆದು ಕೂರಿಸಿದ ಮೂಗು,
ಮೂಗು ಮೂಸಿದ್ದನ್ನು ಲೆಕ್ಕ ಮಾಡುವ ಡಬ್ಬಿ,
ಡಬ್ಬಿ ಹೇಳಿದ್ದನ್ನು ಅಂಕಿಯಲ್ಲಿ ತೋರಿಸುವ ಮುಖ.
ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕು ಮುಕ್ಕಾಲು ಪಾಲು ಗಾಳಿ, ಅದು ಹದ.
ಏರಿದರೆ ಇಂಜಿನ್ನಿಗೆ ಉಪವಾಸ.
ಇಳಿದರೆ ರೆಬೆಲ್ಲೊಗೆ.

ರಾತ್ರಿ ಎರಡಕ್ಕೆ ಪೇಪರು ಹೇರಿಕೊಂಡು ಹೊರಟರೆ
ಗಾಜನೂರಲ್ಲಿ ಹದಿನಾರು,
ಮಂಡಗದ್ದೆಯಲ್ಲಿ ಹದಿನಾರು,
ತೀರ್ಥಹಳ್ಳಿಯಲ್ಲಿ ಕಟ್ಟು ಎಸೆದು
ಆಗುಂಬೆ ಕಡೆ ತಿರುಗಿದರೂ ಅದೇ.
"ಕತ್ತಲೆಯ ಗಾಳಿ ದಪ್ಪ ಅಲ್ಲವಾ? ಹೊಳೆ ಬದಿಯ ಥಂಡಿ ಬೇರೆ."
ಕಾರಣವನ್ನು ಅವನೇ ಹುಡುಕಿ ಇಟ್ಟುಕೊಂಡಿದ್ದ.
ಹಸಿದಿದೆ ಪಾಪ ಅಂತ ದಿನಾ ಕಾರ್ಬ್ಯುರೇಟರಿನ ಸ್ಕ್ರೂ
ಕಾಲು ಸುತ್ತು, ಕಾಲು ಸುತ್ತು ಬಿಚ್ಚುತ್ತ ಬಂದು
ಈಗ ಹಗಲು ಹದಿಮೂರು ತೋರಿಸುತ್ತದಂತೆ.
ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ.
ಹಗಲು ಅವನು ಮಲಗಿರುತ್ತಾನೆ.

ನಾನು ಮೀಟರು ನೋಡಿ ಕಲಿತವನಲ್ಲ.
ಪ್ಲಗ್ ಬಿಚ್ಚು, ಬಾಯಿ ನೋಡು,
ಮಾರಿ ಬಿಸ್ಕತ್ತಿನ ಬಣ್ಣ ಇದ್ದರೆ ಮುಚ್ಚಿ ಕಳಿಸು,
ಪೀರಾನ್ ಉಸ್ತಾದರ ಪಾಠ ಅಷ್ಟೇ.
ಬಿಚ್ಚಿದೆ. ಮೂರೂ ಕಾಡಿಗೆ ಡಬ್ಬಿ.
ಮೀಟರು ಹಸಿವು ಅನ್ನುತ್ತದೆ,
ಪ್ಲಗ್ಗು ತೇಗುತ್ತಿದೆ.

ಪೈಪಿನ ಜೋಡಣೆಗೆ ಸೋಪಿನ ನೀರು ಬಿಟ್ಟೆ, ಗುಳ್ಳೆ ಏಳಲಿಲ್ಲ.
ಮೂಗು ಕಳಚಿ ಬಯಲಿಗೆ ಹಿಡಿದೆ,
ಬರೀ ಗಾಳಿ ಕಂಡು ಅಂಕಿ ತುದಿಗೆ ಹೋಗಿ ನಿಂತಿತು, ಅಲ್ಲೂ ತಪ್ಪಿಲ್ಲ.
ವಾಪಸು ಬಿಗಿದು, ಇಂಜಿನ್ನು ಬಿಸಿ ಮಾಡಿ
ಮಧ್ಯಾಹ್ನದ ತನಕ ದಿಟ್ಟಿಸಿದೆ.
ಹದಿಮೂರು. ಹದಿಮೂರು. ಹದಿಮೂರು.
ಇನ್ನು ರಾತ್ರಿ ಇವನ ಜೊತೆ ಪೇಪರು ಎಸೆಯಲು ಹೋಗಬೇಕೇನೋ
ಅಂದುಕೊಳ್ಳುತ್ತಾ ಬುತ್ತಿ ಬಿಚ್ಚಿದೆ.

ಚೌಡೇಶಿ ಉಂಡ ಕೈ ಒರೆಸಿಕೊಂಡು
ಡ್ರೈವರ್ ಸೀಟಲ್ಲಿ ಕೂತು ಆಟಕ್ಕೆ ಹೆಡ್‌ಲೈಟ್ ಹಾಕಿದ.
ಆರಿಸಿದ.
ಮತ್ತೆ ಹಾಕಿದ.
"ಅಣ್ಣಾ, ಬಾ ಇಲ್ಲಿ.
ಗಾಳಿ ಸ್ವಿಚ್ಚಲ್ಲಿದೆ."

ಡಬ್ಬಿಯ ಕಪ್ಪು ವೈರು ಹಿಡಿದು ಹೊರಟೆ,
ಮ್ಯಾಟ್ ಕೆಳಗೆ, ತೂತಿನಾಚೆ, ಮುಂದಿನ ಜಾಲರಿಯ ಹಿಂದೆ.
ಹೆಡ್‌ಲೈಟಿನ ಅರ್ತ್ ಬೋಲ್ಟಿಗೇ ಯಾರೋ ಕಟ್ಟಿ ಹೋಗಿದ್ದಾರೆ.
ತುಕ್ಕು, ಕೆಮ್ಮಣ್ಣು, ಒಂದು ಪತಂಗದ ರೆಕ್ಕೆ.
ದೀಪ ಉರಿದರೆ ವಾಪಸು ಬರುವ ಕರೆಂಟೆಲ್ಲ
ಅಲ್ಲೇ ನೂಕಾಡಿ ನೆಲ ಸಿಗದೆ ಏರುತ್ತದೆ,
ಡಬ್ಬಿಯ ಸೊನ್ನೆಯೂ ಜೊತೆಗೆ ಏರುತ್ತದೆ.
ಸೊನ್ನೆಯೇ ಮೇಲೆದ್ದ ಮೇಲೆ
ಲೆಕ್ಕದವನನ್ನು ಬೈದು ಏನು ಬಂತು?

ಇಂಜಿನ್ನಿನ ಮೈಮೇಲೆ ಒಂದು ಜಾಗ ಕೆರೆದೆ,
ಬೆಳ್ಳಿ ಕಾಣುವ ತನಕ.
ಡಬ್ಬಿಯದು, ಮುಖದ್ದು, ಎರಡೂ ಕಪ್ಪು ವೈರು
ಒಂದೇ ಬೋಲ್ಟಿಗೆ ಬಿಗಿದೆ.
ಆಮೇಲೆ ಸ್ಕ್ರೂ, ಕಾಲು ಸುತ್ತು, ಕಾಲು ಸುತ್ತು ವಾಪಸು.
ಎಷ್ಟು ರಾತ್ರಿ ಬಿಚ್ಚಿದ್ದಾನೆ ಎಂದು ಎಣಿಸುತ್ತಾ ಎರಡು ಸಲ ತಪ್ಪಿದೆ.

ಬಿಲ್ಲು ಚೌಡೇಶಿಯದು, ಅವನ ಕನ್ನಡ:
"ಅರ್ಥ ಸರಿ ಮಾಡಿದ್ದು, ನೂರೈವತ್ತು."
ರೆಬೆಲ್ಲೊ ಎರಡು ಸಲ ಓದಿದ.
"ಇಷ್ಟು ಅಗ್ಗಕ್ಕಾ?" ಅಂದವನೇ
ಇಪ್ಪತ್ತು ರೂಪಾಯಿ ಕಮ್ಮಿ ಕೊಟ್ಟು ಹೋದ.

ಆ ರಾತ್ರಿ ಎರಡೂಮುಕ್ಕಾಲಿಗೆ ಫೋನು.
"ಮಂಡಗದ್ದೆ. ಹದಿನಾಲ್ಕು ಮುಕ್ಕಾಲು," ಅಂದು ಇಟ್ಟುಬಿಟ್ಟ.
ಈ ಹೊತ್ತಲ್ಲಿ ಯಾರದ್ದು, ಏನಾಯಿತು,
ಹೆಂಡತಿ ಗಾಬರಿಯಲ್ಲಿ ಎದ್ದು ಕೂತಳು.
ಏನಿಲ್ಲ, ಗಾಳಿ ಬಿಟ್ಟಿತಂತೆ, ಅಂದೆ.
"ಯಾರಿಗೆ?" ಅಂದಳು.