ರವಾದ ನೆರಳು

ನರಸಾಪುರದ ಮಿಲ್ಲಿನಲ್ಲಿ ಮೂರನೇ ಪಾಳಿ.
ರೋಲರಿನ ಕೆಳಗೆ ರವಾ ಸುರಿಯುತ್ತದೆ,
ಅದರದೊಂದು ತೆಳು ಎಳೆ ಮಾತ್ರ
ಗಾಜಿನ ಕಿಂಡಿಯೆದುರು ಹಾದು ಬೀಳುತ್ತದೆ.
ಆಚೆ ದೀಪ, ಈಚೆ ಕ್ಯಾಮೆರಾ.
ದೀಪ ಮಿಟುಕುವುದು ಕಣ್ಣಿಗೆ ತಿಳಿಯುವುದಿಲ್ಲ.
ಬೀಳುವ ಕಾಳು ನಡುಗಾಳಿಯಲ್ಲಿ ನಿಂತಂತೆ
ತೆರೆಯ ಮೇಲೆ ಮೂಡುತ್ತದೆ.
ಕಾಳಲ್ಲ, ಅದರ ನೆರಳು.
ನೆರಳಿನ ಉದ್ದ, ಅಗಲ, ಸುತ್ತಳತೆ
ಸೆಕೆಂಡಿಗೆ ನೂರಾರು ಸಲ.

ಕೇಸರಿ ರವಾ ಅಂದರೆ ನಮ್ಮಲ್ಲಿ
ಐದುನೂರು ಮೈಕ್ರಾನು, ಅತ್ತಿತ್ತ ಮೂವತ್ತು.
ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ.
"ಸಜ್ಜಕಕ್ಕ ಕೊಡ್ರಿ" ಅನ್ನುತ್ತಾರೆ,
"ಉಪ್ಪಿಟ್ಟಿಗೆ, ಸ್ವಲ್ಪ ದಪ್ಪಂದು."

ಕ್ಯಾಮೆರಾ ಬರುವ ಮುಂಚೆ ರಾಜೇಸಾಬ ಕಾಕಾ ಇದ್ದ.
ಈಗಲೂ ಇದ್ದಾನೆ.
ಇಪ್ಪತ್ತಾರು ವರ್ಷ, ಹೆಬ್ಬೆರಳು ತೋರುಬೆರಳಿನ ನಡುವೆ
ಒಂದು ಚಿಟಿಕೆ, ಕಣ್ಣು ಮುಚ್ಚಿ:
"ದಪ್ಪ ಬರಾಕತ್ತೈತಿ. ಎಡಕಿನ ರೋಲರ್
ಕೂದಲೆಳಿಯಷ್ಟು ಬಿಗಿ ಮಾಡ್ರಿ."
ಆಮೇಲೆ ನಾವು ಜರಡಿ ಪೇರಿಸಿ
ಹತ್ತು ನಿಮಿಷ ಕುಲುಕಿ, ತೂಗಿ, ಬರೆದು ನೋಡಿದರೆ
ಅವನಂದದ್ದೇ ಇರುತ್ತಿತ್ತು. ಅಷ್ಟೊತ್ತಿಗೆ
ಅರ್ಧ ಟನ್ನು ಚೀಲ ಸೇರಿ ಹೊಲಿಗೆಯೂ ಬಿದ್ದಿರುತ್ತಿತ್ತು.

ನಾನು ಬೆಟಗೇರಿಯವಳು. ನನ್ನವ್ವ
ಕರೆಂಟು ಹೋದಾಗ ಕತ್ತಲಲ್ಲೇ ಕಡಿದ ಎಳೆ ಹುಡುಕಿ
ಗಂಟು ಹಾಕುತ್ತಿದ್ದಳು.
ಬೆರಳನ್ನು ಹಗುರ ಮಾಡಿ ಮಾತಾಡಿದವಳಲ್ಲ ನಾನು.

ಕಾರಹುಣ್ಣಿಮೆಯ ಮರುದಿನ ಯಂತ್ರ ಕೂರಿಸಿದೆವು.
"ಇದಕ ಬೆರಳದಾವೇನು?" ಕೇಳಿದ ಕಾಕಾ.
ಒಂದು ವಾರ ಪಂದ್ಯವೇ ನಡೆಯಿತು.
ಅವನು ಚಿಟಿಕೆ ಹಿಡಿದು ಹೇಳುವುದು, ನಾನು ಅಂಕಿ ಓದುವುದು.
ಪ್ರತಿ ಸಲ ತಾಳೆ.
ಚೀಲ ಹೊರುವ ಹುಡುಗರು ಸೀಟಿ ಹೊಡೆದರು,
ಮ್ಯಾನೇಜರ್ ಗಿರ್ಮಿಟ್ ತರಿಸಿದ.

ಆಮೇಲೊಂದು ರಾತ್ರಿ ಧೂಳೊರೆಸಲೆಂದು
ತೆರೆಯನ್ನು ಗೋಡೆಗೆ ತಿರುಗಿಸಿದ್ದೆ.
ಕಾಕಾ ಚಿಟಿಕೆ ಹಿಡಿದ, ತಿಕ್ಕಿದ, ಮತ್ತೆ ತಿಕ್ಕಿದ.
"ಸರೀ ಐತಿ" ಅಂದ.
ಆರುನೂರಾ ನಲವತ್ತು ಇತ್ತು.
ಮರಳಿನಂತಿತ್ತು, ನನ್ನ ಬೆರಳಿಗೂ ತಿಳಿಯುವಷ್ಟು.
ಅವನ ಹೆಬ್ಬೆರಳಿನ ಮೇಲೆ ಬೊಬ್ಬೆ,
ಚಹಾದ ಲೋಟದ ಅಂಚಿನ ಗುರುತು.

"ಸಕ್ರಿ ಕಾಯಿಲಿ," ಅಂದ, ನನ್ನ ಕಡೆ ನೋಡದೆ.
"ಎರಡು ರಮಜಾನ್ ಆತು. ಬಿಸಿ ತಿಳಿಯೂದಿಲ್ಲ, ರವಾ ತಿಳಿಯೂದಿಲ್ಲ."
ಹಾಗಾದರೆ ಇಷ್ಟು ದಿನ?
"ರೋಲರಿನ ಸಪ್ಪಳ ಕೇಳತಿದ್ದೆ ಮಗಳ.
ತಿಕ್ಕೂದು ನಿಮಗ ತೋರಸಾಕ.
ಹೊಸಾ ಮುಚ್ಚಳ ಹಾಕಿದ್ರಿ, ಸಪ್ಪಳ ಒಳಗ ಹೋತು.
ಅದಕ..." ಅಂದು ತೆರೆಯ ಬೆನ್ನಿನತ್ತ ಗದ್ದ ಎತ್ತಿದ.

ನಾನು ಮೊದಲು ರೋಲರ್ ಬಿಗಿ ಮಾಡಿಸಿದೆ.
ಅದು ಕೆಲಸ.
ಆಮೇಲೆ ಬಹಳ ಹೊತ್ತು ಅಂಕಿ ನೋಡುತ್ತ ಕುಳಿತೆ.
ಯಂತ್ರ ಕೊಡುವುದು ಯಾವ ಕಾಳಿನ ಅಳತೆಯೂ ಅಲ್ಲ:
ಅರ್ಧ ರಾಶಿ ಇದಕ್ಕಿಂತ ಸಣ್ಣ,
ಅರ್ಧ ರಾಶಿ ಇದಕ್ಕಿಂತ ದಪ್ಪ.
ನಡುವೆ ಎಳೆದ ಗೆರೆಯ ಮೇಲೆ
ಯಾರೂ ಇರಲಿಕ್ಕಿಲ್ಲ.

ಎರಡು ಕಾಳು ಅಂಟಿಕೊಂಡು ಬಿದ್ದರೆ
ಒಂದೇ ಕಾಳೆಂದು ಎಣಿಸುತ್ತದೆ ಅದು.
ಅದಕ್ಕೂ ತಿಳಿಯದ್ದು ಇದೆ.

ಮರುದಿನ ತೆರೆ ಕಾಕಾನ ಸ್ಟೂಲಿನ ಕಡೆ ವಾಲಿತ್ತು,
ಅಕ್ಷರ ದೊಡ್ಡದಾಗಿತ್ತು.
ಮ್ಯಾನೇಜರ್ ಕೇಳಿದ. "ಟ್ಯೂಬ್‌ಲೈಟ್ ಹೊಳೀತದ ಸರ್" ಅಂದೆ.
ಅವನು ಚಿಟಿಕೆ ಹಿಡಿದ, ಕಣ್ಣು ಮುಚ್ಚಿದ,
ಮುಚ್ಚುವ ಮುಂಚೆ ಓದಿದ.

ಈಗ ವಾರಕ್ಕೊಮ್ಮೆ ಕಿಂಡಿಯ ಗಾಜು ಒರೆಸುವುದು ಅವನೇ.
ಕ್ಯಾಮೆರಾದ ಮುಂದೆ ಬೆರಳು ಬಂದಾಗ
ತೆರೆ ತುಂಬ ಅದರದೇ ನೆರಳು,
ಎಷ್ಟು ಮೈಕ್ರಾನೆಂದು ಹೇಳಲಾರದೆ ಯಂತ್ರ
ಕೆಂಪು ದೀಪ ಹಚ್ಚುತ್ತದೆ.

"ಜೋರ ಒತ್ತಿದೆನೇನು?" ಕೇಳುತ್ತಾನೆ.
ಇಲ್ಲ ಕಾಕಾ, ಅನ್ನುತ್ತೇನೆ.
ಇನ್ನೊಂದಿಷ್ಟು. ಹಾಂ.
ಅಷ್ಟು ಸಾಕು.